ಬಂದವರು, ಹೋದವರು

ನನೈಮೊ
ಸೆಪ್ಟೆಂಬರ್ 14, 2008

ಪ್ರೀತಿಯ ಸ್ಟೆಫಾ,

ಫೋನಿನಲ್ಲಿ ಎಷ್ಟು ಕೂಗಿದರೂ ನಿನಗೆ ಕೇಳಿಸುವುದಿಲ್ಲ. ಕೇಳಿಸದಿದ್ದರೂ "ಹ್ಞೂಂ ಹ್ಞೂಂ" ಅನ್ನುತ್ತೀಯ. ಮೊನ್ನೆ ನಾನು ಮೆಟ್ಟಿಲ ಮೇಲೆ ಬಿದ್ದೆ ಅಂದರೆ "ತುಂಬಾ ಒಳ್ಳೇದಾಯ್ತು" ಅಂದೆಯಲ್ಲ, ಪುಣ್ಯಾತ್ಗಿತ್ತಿ! ಇನ್ನು ಮೇಲೆ ನಮ್ಮಿಬ್ಬರಿಗೂ ಕಾಗದವೇ ಗತಿ.

ಇಲ್ಲಿ ಎಲ್ಲವೂ ಚೆಂದ. ಮಗಳು ಕ್ರಿಸ್ಟಿನ್ ತನ್ನ ಮನೆಯ ಕೆಳಗಿನ ಭಾಗವನ್ನು ನನಗೆ ಬಿಟ್ಟುಕೊಟ್ಟಿದ್ದಾಳೆ. ಕಿಟಕಿಯಿಂದ ಸಮುದ್ರ ಕಾಣುತ್ತದೆ, ಸ್ವಲ್ಪ ಬಗ್ಗಿ ನೋಡಬೇಕು ಅಷ್ಟೆ. ಡಿಸೆಂಬರಿನವರೆಗೂ ಗುಲಾಬಿ ಬಿಡುತ್ತದಂತೆ. ಬೆವರ್ಲಿ ಅಂತ ಒಬ್ಬ ಗೆಳತಿಯೂ ಸಿಕ್ಕಿದ್ದಾಳೆ. ದಿನಾ ಬೆಳಿಗ್ಗೆ ಇಬ್ಬರೂ ದಂಡೆಯಲ್ಲಿ ನಡೆಯುತ್ತೇವೆ. ಬಹಳ ಓದಿಕೊಂಡವಳು. ಕಿವಿಯೂ ಚುರುಕು.

ನನ್ನ ಮೇಯರ್ ಹೇಗಿದ್ದಾನೆ? ಅಳಿಯನಿಗೆ ನಾಯಿ ಕೂದಲು ಕಂಡರೆ ಸೀನು ಬರದೆ ಇದ್ದಿದ್ದರೆ ಅವನನ್ನು ನಿನ್ನ ಕೈಗೆ ಕೊಡುತ್ತಿದ್ದೆನಾ? ಹನ್ನೊಂದು ವರ್ಷ ಊರೆಲ್ಲ ಸುತ್ತಿ, ಅಂಗಡಿ ಅಂಗಡಿ ಬಾಗಿಲಲ್ಲಿ ನಿಂತು ಯೋಗಕ್ಷೇಮ ವಿಚಾರಿಸಿಕೊಂಡು ಬಂದವನು. ಈಗ ನನ್ನ ಹಳೇ ಗೇಟಿನ ಹತ್ತಿರ ಹೋಗಿ ಕೂರುತ್ತಾನಾ? ನಿಜ ಹೇಳು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಊರಿನ ವಾರಪತ್ರಿಕೆ ಹತ್ತು ದಿನ ತಡವಾಗಿ ಇಲ್ಲಿಗೆ ಬರುತ್ತದೆ. ಮೊನ್ನೆ ಬಿಚ್ಚಿದರೆ ನನ್ನ ಅಂಕಣ ಕಣ್ಣಿಗೆ ರಾಚಿತು! "ಬಂದವರು, ಹೋದವರು". ಅದೇ ಹೆಸರು, ಅದೇ ಮೂಲೆ. ಮೂವತ್ತೊಂದು ವರ್ಷ ಹೆರನ್ ಪಾಯಿಂಟಿನಲ್ಲಿ ಯಾರ ಮನೆಗೆ ಯಾರು ಬಂದರು, ಯಾವ ದಿನ, ಯಾವ ಊರಿಂದ, ಏನು ತಿಂದರು ಅಂತ ಬರೆದವಳು ನಾನು. ಹೊರಡುವಾಗ ಆ ಹೊಸ ಸಂಪಾದಕ ಬ್ರೆಂಟ್‌ಗೆ ಸ್ಪಷ್ಟವಾಗಿ ಹೇಳಿ ಬಂದಿದ್ದೆ, "ಇದನ್ನ ನನ್ ಜೊತೆಗೇ ಮುಗಿಸಿಬಿಡಪ್ಪ" ಅಂತ. ಅವನು ತಲೆ ಆಡಿಸಿದ್ದ. ಈಗ ಯಾರು ಬರೆಯುತ್ತಿರುವುದು? ಹೆಸರು ಹಾಕುವ ರೂಢಿ ಇಲ್ಲ, ಸರಿ. ಆದರೆ ನನಗೆ ಗೊತ್ತು, ಮರ್ನಾ ಪಾಲ್ಸನ್. ಅವಳಿಗೆ ನನ್ನ ಕುರ್ಚಿಯ ಮೇಲೆ ಮೊದಲಿಂದಲೂ ಕಣ್ಣು. ವಿಚಾರಿಸಿ ಬರಿ.

ನಿನ್ನ
ಥೋರಾ

*

ಹೆರನ್ ಪಾಯಿಂಟ್
ಅಕ್ಟೋಬರ್ 2, 2008

ಪ್ರೀತಿಯ ಥೋರಾ,

ನಿನ್ನ ಕಾಗದ ಬಂತು. ಬಿದ್ದ ವಿಷಯ ಈಗ ತಿಳಿಯಿತು. ಒಳ್ಳೆಯದಾಗಲಿಲ್ಲ ಅಂತ ಇಲ್ಲಿ ಬರೆದು ತಿದ್ದಿದ್ದೇನೆ. ಮಂಡಿ ಹೇಗಿದೆ?

ಮೇಯರ್ ಚೆನ್ನಾಗಿದ್ದಾನೆ. ಹೌದು, ನಿನ್ನ ಗೇಟಿನ ಹತ್ತಿರ ಕೂರುತ್ತಾನೆ. ಊಟ ಬಿಟ್ಟಿಲ್ಲ.

ನಿನ್ನ ಮನೆ ಕೊಂಡವರು ಬಾಗಿಲಿಗೆ ನೀಲಿ ಬಣ್ಣ ಹೊಡೆದಿದ್ದಾರೆ. ನಾನು ನೂರಾ ಅರವತ್ತು ಪಿರೋಗಿ ಕಡುಬು ಮಾಡಿ ಫ್ರೀಜರಿನಲ್ಲಿಟ್ಟೆ. ತಿನ್ನಲು ಯಾರು ಬರುತ್ತಾರೆ ಅಂತ ಆಮೇಲೆ ಹೊಳೆಯಿತು.

ಅಂಕಣ ಬರೆಯುವವರು ಯಾರೋ ನಾನು ವಿಚಾರಿಸಿಲ್ಲ. ಮರ್ನಾ ಇರಬಹುದು. ಕೇಳಿದರೂ ಅವಳು ಹೇಳುವುದು ನನಗೆ ಕೇಳಿಸಬೇಕಲ್ಲ. ಅಷ್ಟು ಕೆಟ್ಟದಾಗಿದೆಯಾ? ಏನು ತಪ್ಪು ಕಂಡಿತು ನಿನಗೆ?

ಬೆವರ್ಲಿಗೆ ಇಸ್ಪೀಟು ಆಡಲು ಬರುತ್ತದಾ? ಕೇಳಿದೆ ಅಷ್ಟೆ.

ಸ್ಟೆಫಾ

*

ನನೈಮೊ
ಅಕ್ಟೋಬರ್ 20, 2008

ಪ್ರೀತಿಯ ಸ್ಟೆಫಾ,

ಏನು ತಪ್ಪು ಅಂತ ಕೇಳುತ್ತೀಯಲ್ಲ! ಎಲ್ಲಿಂದ ಶುರು ಮಾಡಲಿ?

ಮೊದಲ ವಾರದ್ದೇ ನೋಡು. "ಗಿಮ್ಲಿಯಿಂದ ರಗ್ನಾಳ ತಂಗಿ ಬಂದಿದ್ದರು. ಇಬ್ಬರೂ ಬಹಳ ಹೊತ್ತು ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು." ಅದೂ ಒಂದು ಸುದ್ದಿಯಾ? ಎಷ್ಟು ದಿನ ಇದ್ದಳು, ಯಾವ ಕೇಕು ಮಾಡಿದರು, ಯಾರು ಕರೆದುಕೊಂಡು ಬಂದರು, ಒಂದೂ ಇಲ್ಲ. ಸುಮ್ಮನೆ ಕೂತಿದ್ದನ್ನೆಲ್ಲ ಬರೆಯಲು ಹೋದರೆ ಪತ್ರಿಕೆಯ ಕಾಗದ ಸಾಕಾಗುತ್ತದಾ? ಇನ್ನೊಂದು ವಾರ, ಸೂಪಿನ ಬಣ್ಣ! ಬೀಟ್‌ರೂಟ್ ಸೂಪು ಕೆಂಪಗಲ್ಲದೆ ಹಸಿರಾಗಿರುತ್ತದಾ?

ಎಲ್ಲಕ್ಕಿಂತ ನನಗೆ ಮೈ ಉರಿದದ್ದು ಇದು: "ಮೇಯರ್ ಅವರು ಮಂಗಳವಾರ ಅಂಚೆ ಕಚೇರಿಗೆ ಭೇಟಿ ಕೊಟ್ಟರು. ಗುರುವಾರ ಸಹಕಾರಿ ಅಂಗಡಿ." ನನ್ನ ನಾಯಿ, ಸ್ಟೆಫಾ! ಹನ್ನೊಂದು ವರ್ಷ ನಾನು ಸಾಕಿದ ನಾಯಿ ಆ ಮರ್ನಾಳ ಬರವಣಿಗೆಯಲ್ಲಿ! ಅವನನ್ನು ಅವಳ ಮನೆ ಕಡೆ ಬಿಡಬೇಡ. ಬಿಸ್ಕತ್ತು ತೋರಿಸಿ ಒಲಿಸಿಕೊಳ್ಳುತ್ತಾಳೆ. ಕುರ್ಚಿ ಹೋಯಿತು, ನಾಯಿಯೂ ಹೋಗುವುದು ಬೇಡ.

ಬೆವರ್ಲಿಗೆ ಇಸ್ಪೀಟು ಚೆನ್ನಾಗಿ ಬರುತ್ತದೆ. ನಿನ್ನ ಹಾಗೆ ಎಲೆ ಬಚ್ಚಿಡುವುದಿಲ್ಲ. ನಿನ್ನೆ ಸೂಪು ತಂದುಕೊಟ್ಟಳು. ಬಣ್ಣ ಬರೆಯುವುದಿಲ್ಲ, ಬಿಡು.

ಥೋರಾ

*

ಹೆರನ್ ಪಾಯಿಂಟ್
ನವೆಂಬರ್ 16, 2008

ಥೋರಾ,

ಸರೋವರ ಹೆಪ್ಪುಗಟ್ಟುತ್ತಿದೆ. ದಂಡೆಯಲ್ಲಿ ನಡೆದಾಡಬಹುದು, ನಡುವೆ ಇನ್ನೂ ಇಲ್ಲ.

ಚರ್ಚಿನ ಸುಗ್ಗಿಯೂಟ ಆಯಿತು. ಗ್ರೇವಿಗೆ ನಾನೇ ನಿಂತೆ. ನೀನಿಲ್ಲದ್ದಕ್ಕೆ ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಮೊದಲಾದರೆ ಯಾರು ಏನು ಅಂದರೂ ನೀನು ತಿರುಗಿ ನನಗೆ ತುಟಿಯಾಡಿಸಿ ಹೇಳುತ್ತಿದ್ದೆ. ಅರ್ಧಕ್ಕರ್ಧ ನಿನ್ನ ಸ್ವಂತದ್ದನ್ನೇ ಸೇರಿಸುತ್ತಿದ್ದೆ ಅಂತ ನನಗೆ ಗೊತ್ತಿತ್ತು. ಆದರೂ ನಗು ಬರುತ್ತಿತ್ತು.

ಊಟದಲ್ಲಿ ಯಾರೋ ಅಂಕಣ ಚೆನ್ನಾಗಿ ಬರುತ್ತಿದೆ ಅಂದರಂತೆ. ನಾನು ಹೇಳುತ್ತಿಲ್ಲ, ಅವರು ಅಂದದ್ದು.

ನೀನು ಮಾತ್ರ ಎಂದೂ ತಪ್ಪು ಬರೆದಿಲ್ಲವಾ? "ಪಾದ್ರಿಗಳು ವಿಧವೆ ಓಲ್ಗಾ ಮನೆಯಲ್ಲಿ ಎರಡು ರಾತ್ರಿ ತಂಗಿದ್ದರು, ಇಬ್ಬರೂ ಸಂತೋಷವಾಗಿದ್ದರು" ಅಂತ ಬರೆದವರು ಯಾರು? ಹಿಮಗಾಳಿಗೆ ರಸ್ತೆ ಮುಚ್ಚಿತ್ತು ಅನ್ನುವ ಒಂದು ಮಾತು ಸೇರಿಸಲು ಮರೆತು, ಆ ಪುಣ್ಯಾತ್ಮ ಊರು ಬಿಡಬೇಕಾಯಿತಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಗ ನೀನು ಬೇರೆಯವರು ಕುಣಿದರೂ ನೆಲ ಡೊಂಕು ಅನ್ನುತ್ತಿದ್ದೀಯ.

ಎಲೆ ನಾನು ಬಚ್ಚಿಡುತ್ತಿರಲಿಲ್ಲ. ಜೇಬಿಗೆ ತಾನಾಗಿ ಬೀಳುತ್ತಿತ್ತು. ಬೆವರ್ಲಿಗೆ ನನ್ನ ನಮಸ್ಕಾರ ಹೇಳಬೇಡ.

ಸ್ಟೆಫಾ

*

ನನೈಮೊ
ಡಿಸೆಂಬರ್ 8, 2008

ಸ್ಟೆಫಾ,

ಇಲ್ಲಿ ಮಳೆ. ಹದಿನೇಳು ದಿನದಿಂದ ಬಿಟ್ಟಿಲ್ಲ. ಗುಲಾಬಿ ಕೊಳೆತುಹೋಯಿತು. ಮನೆಯವರೆಲ್ಲ ಅಳಿಯನ ಆಫೀಸಿನ ಔತಣಕ್ಕೆ ಹೋಗಿದ್ದಾರೆ. ನನ್ನನ್ನೂ ಕರೆದರು, ಮಂಡಿ ನೋವು ಅಂದೆ.

ಈ ವಾರದ ಅಂಕಣ ಓದಿದೆ. ಅದರ ಬಗ್ಗೆ ಮಾತಾಡಲು ನನಗೆ ಇಷ್ಟವಿಲ್ಲ.

ಇನ್ನೊಂದು ಕಾಗದ ಬರೆಯುವುದಿದೆ, ಇದನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಕ್ರಿಸ್‌ಮಸ್‌ಗೆ ಏಳು ಪದರದ ಕೇಕು ಕಳಿಸುತ್ತೇನೆ. ಮೇಯರ್‌ಗೆ ಕೊಡಬೇಡ, ಅವನಿಗೆ ಹೊಟ್ಟೆ ಕೆಡುತ್ತದೆ.

ಥೋರಾ

*

ಹೆರನ್ ಪಾಯಿಂಟ್
ಜನವರಿ 12, 2009

ಪ್ರೀತಿಯ ಥೋರಾ,

ಕೇಕು ಬಂತು. ತುದಿ ಒಣಗಿತ್ತು, ನಡುವೆ ಚೆನ್ನಾಗಿತ್ತು.

ಅಂಕಣ ನಿಂತುಹೋಯಿತು. ನಿನಗೂ ಪತ್ರಿಕೆ ಬರುತ್ತದೆ, ನೋಡಿರುತ್ತೀಯ. ಈಗ ಹೇಳಿಬಿಡುತ್ತೇನೆ. ಅದನ್ನು ಬರೆಯುತ್ತಿದ್ದವಳು ನಾನು.

ಕೂತುಕೋ. ಎದ್ದು ಓಡಾಡಬೇಡ, ಮಂಡಿ ಕೆಡುತ್ತದೆ.

ಶುರುವಾದದ್ದು ಮೇಯರ್‌ನಿಂದ. ನೀನು ಹೋದ ಮೇಲೆ ಮೂರು ವಾರ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಕಾಫಿಗೆ ಹೋದರೆ ಗೋಡೆ ನೋಡಿಕೊಂಡು ಕೂರಬೇಕು. ಎಲ್ಲರೂ ನಗುತ್ತಾರೆ, ಯಾಕೆ ಅಂತ ನನಗೆ ಗೊತ್ತಾಗುವುದಿಲ್ಲ, ನಾನೂ ನಗುತ್ತೇನೆ. ಹೋಗುವುದನ್ನೇ ಬಿಟ್ಟೆ. ಆದರೆ ನಾಯಿ ಸುಮ್ಮನಿರಬೇಕಲ್ಲ. ಬೆಳಿಗ್ಗೆ ಆಗುತ್ತಲೇ ಬಾಗಿಲು ಕೆರೆಯುತ್ತಾನೆ. ಅವನ ಹಿಂದೆ ನಾನು ಹೊರಟೆ. ಅವನು ನಿಂತ ಕಡೆ ನಿಂತೆ. ಅವನು ಬಂದರೆ ಜನ ಬಾಗಿಲು ತೆಗೆಯುತ್ತಾರೆ, ಥೋರಾ. ನನಗೆ ತೆಗೆಯದವರೂ ಅವನಿಗೆ ತೆಗೆಯುತ್ತಾರೆ. ನಾನು ಚೀಟಿ ಪುಸ್ತಕ, ಪೆನ್ಸಿಲ್ ಮುಂದೆ ಹಿಡಿದೆ. ರಗ್ನಾ ಅದರಲ್ಲಿ "ತಂಗಿ ಬಂದಿದ್ದಾಳೆ, ಒಳಗೆ ಬಾ" ಅಂತ ಬರೆದಳು. ಮನೆಗೆ ಬಂದು ಆ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದಾಗ ಇದು ಥೋರಾಳ ಅಂಕಣವಲ್ಲವಾ ಅನ್ನಿಸಿತು. ಬ್ರೆಂಟ್‌ಗೆ ಕೊಟ್ಟೆ. ಹಾಕಿದ.

ನಿನಗೆ ಯಾಕೆ ಹೇಳಲಿಲ್ಲ? ಕುರ್ಚಿ ನಿನ್ನದು. ನಾನು ಕೂತೆ ಅಂತ ಹೇಳಲು ಭಯವಾಯಿತು. ನಾನೇ ಅಂತ ಗೊತ್ತಿಲ್ಲದೆ ನೀನು ಒಂದೇ ಒಂದು ಸಲ ಚೆನ್ನಾಗಿದೆ ಅನ್ನಲಿ, ಆಮೇಲೆ ಹೇಳೋಣ ಅಂತಿದ್ದೆ. ಊರವರೆಲ್ಲರ ಬಾಯಿಗೂ ಬೀಗ ಹಾಕಿಸಿದ್ದೆ. ನೀನು ಅನ್ನಲೇ ಇಲ್ಲ.

ಕ್ರಿಸ್‌ಮಸ್ ಮುಂಚೆ ಬ್ರೆಂಟ್ ಮನೆಗೆ ಬಂದ. ಒಂದು ಕಾಗದ ತೋರಿಸಿದ. ಟೈಪ್ ಮಾಡಿದ್ದು, ಸಹಿ ಇಲ್ಲ, "ಬಹುಕಾಲದ ಓದುಗರು" ಅಂತ ಮಾತ್ರ. ಈ ಅಂಕಣ ಊರಿಗೆ ಅವಮಾನ, ಬರೆಯುವವರಿಗೆ ಕೆಲಸದ ಗಂಧವಿಲ್ಲ, ಖಾಸಗಿ ದುಃಖವನ್ನು ಬೀದಿಗೆ ತರುತ್ತಾರೆ, ನಿಲ್ಲಿಸದಿದ್ದರೆ ಇನ್ನೂ ಹಲವರು ಪತ್ರಿಕೆ ಬಿಡುತ್ತಾರೆ. ಹೀಗೆ ಒಂದು ಪುಟ. ಬ್ರೆಂಟ್ ನನ್ನ ಚೀಟಿ ಪುಸ್ತಕದಲ್ಲಿ "ಸ್ವಲ್ಪ ದಿನ ನಿಲ್ಸೋಣ ಆಂಟಿ, ಬೇಜಾರ್ ಮಾಡ್ಕೋಬೇಡಿ" ಅಂತ ಬರೆದ. ಆ ಚೀಟಿ ಇನ್ನೂ ಇದೆ.

ಅದು ಮರ್ನಾಳ ಕೆಲಸ. ಅವಳ ಹತ್ತಿರ ಟೈಪ್ ಯಂತ್ರವಿದೆ. ನೀನೇ ಹೇಳಿದ್ದೆಯಲ್ಲ, ಅವಳಿಗೆ ಆ ಕುರ್ಚಿಯ ಮೇಲೆ ಕಣ್ಣು ಅಂತ. ಅವಳು ಕೊಟ್ಟ ಜಾಮ್ ಶೀಶೆಯನ್ನು ಹಾಗೇ ಅವಳ ಮೆಟ್ಟಿಲ ಮೇಲಿಟ್ಟು ಬಂದೆ. ಚರ್ಚಿನಲ್ಲಿ ಮುಖ ತಿರುಗಿಸಿದೆ. ಕರ್ಲಿಂಗ್ ಆಟದಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಕಲ್ಲಿನ ದಾರಿ ಗುಡಿಸುವಾಗ ಅಪ್ಪಿತಪ್ಪಿ ಪೊರಕೆ ಕಲ್ಲಿಗೆ ತಾಗಿದರೆ ಅದು ತಪ್ಪು; ಬೇರೆ ಯಾರೂ ನೋಡದಿದ್ದರೂ ತಾಗಿಸಿದವರೇ ಕೈ ಎತ್ತಿ ಹೇಳುತ್ತೇವೆ. ಇವಳೂ ಇಪ್ಪತ್ತು ವರ್ಷ ನಮ್ಮ ಜೊತೆ ಆಡಿದವಳು. ಕೈ ಎತ್ತಲಿಲ್ಲ.

ನಾನು ಎರಡು ವಾರದಿಂದ ಹೊರಗೆ ಹೋಗಿಲ್ಲ. ಬಾಗಿಲು ತೆಗೆದುಬಿಡುತ್ತೇನೆ, ಮೇಯರ್ ಒಬ್ಬನೇ ಹೋಗಿ ಬರುತ್ತಾನೆ.

ನೀನು ಬೈದರೂ ಸರಿ, ಬೇಗ ಬರಿ.

ನಿನ್ನ
ಸ್ಟೆಫಾ

*

ಹೆರನ್ ಪಾಯಿಂಟ್
ಫೆಬ್ರವರಿ 9, 2009

ಥೋರಾ,

ನಾಲ್ಕು ವಾರವಾಯಿತು. ಹುಷಾರಾಗಿದ್ದೀಯಾ? ಪಕ್ಕದವರಿಂದ ಕ್ರಿಸ್ಟಿನ್‌ಗೆ ಫೋನ್ ಮಾಡಿಸಿದೆ. "ಅಮ್ಮ ಚೆನ್ನಾಗೇ ಇದ್ದಾರೆ, ಸ್ವಲ್ಪ ಮಂಕಾಗಿದ್ದಾರೆ" ಅಂದಳಂತೆ.

ಹಾಗಾದರೆ ಸಿಟ್ಟು. ನಿನ್ನ ಜಾಗದಲ್ಲಿ ಕೂತೆ ಅಂತ ಸಿಟ್ಟು. ಸರಿ, ತಪ್ಪಾಯಿತು. ಈಗ ಆ ಜಾಗ ಖಾಲಿ ಇದೆ, ನಿನಗೆ ಸಮಾಧಾನವಾಗಲಿ.

ಬೆವರ್ಲಿ ಇರುವಾಗ ಕಿವುಡಿಯ ಕಾಗದ ಯಾಕೆ ಬೇಕು ನಿನಗೆ?

ಸ್ಟೆಫಾ

*

ನನೈಮೊ
ಫೆಬ್ರವರಿ 27, 2009

ಸ್ಟೆಫಾ,

ಈ ಕಾಗದವನ್ನು ಆರು ಸಲ ಬರೆದು ಹರಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಿನ್ನ ಜನವರಿಯ ಕಾಗದ ಓದಿದಾಗಿನಿಂದ ನನ್ನ ಕೈ ಹೆಗಲ ಮೇಲೇ ಇದೆ. ಮರ್ನಾ ಅಲ್ಲ. ಪೊರಕೆ ತಾಗಿಸಿದವಳು ನಾನು. ಬ್ರೆಂಟ್‌ಗೆ ಆ ಕಾಗದ ಬರೆದವಳು ನಾನು. ಕ್ರಿಸ್ಟಿನ್‌ಳ ಕಂಪ್ಯೂಟರಿನಲ್ಲಿ, ಅವರೆಲ್ಲ ಔತಣಕ್ಕೆ ಹೋಗಿದ್ದ ದಿನ. ನೀನು ಅಂತ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದರೆ ತಪ್ಪು ಸಣ್ಣದಾಗುವುದಿಲ್ಲ ಅನ್ನುವುದೂ ಗೊತ್ತು. ಮರ್ನಾ ಆಗಿದ್ದರೂ ಅದು ಹೊಲಸು ಕೆಲಸವೇ.

ಸುಮ್ಮನಿದ್ದುಬಿಡೋಣ ಅಂತಿದ್ದೆ. ನೀನು ಮರ್ನಾಳನ್ನು ಬೈಯುತ್ತಿದ್ದೆ, ಹೇಗೂ ಅವಳನ್ನು ಕಂಡರೆ ನನಗಾಗದು, ಬೈಯಲಿ ಬಿಡು ಅಂದುಕೊಂಡೆ. ಒಂದು ತಿಂಗಳ ಮೇಲೆ ಹಾಗೇ ದೂಡಿದೆ. ಜಾಮ್ ಶೀಶೆ ಮೆಟ್ಟಿಲ ಮೇಲಿಟ್ಟೆ ಅಂತ ಬರೆದೆಯಲ್ಲ, ಆ ಸಾಲನ್ನು ದಿನಾ ತೆಗೆದು ಓದುತ್ತಿದ್ದೆ.

ಇವತ್ತು ಬ್ರೆಂಟ್‌ಗೂ ಮರ್ನಾಗೂ ಬರೆದಿದ್ದೇನೆ. ಎರಡಕ್ಕೂ ನನ್ನ ಪೂರ್ತಿ ಹೆಸರು ಹಾಕಿದ್ದೇನೆ.

ಇನ್ನೊಂದು. ಬೆವರ್ಲಿ ಅಂತ ಯಾರೂ ಇಲ್ಲ. ಆಗಸ್ಟ್‌ನಲ್ಲಿ ಬಸ್ ನಿಲ್ದಾಣದಲ್ಲಿ ಒಬ್ಬಳು ಸಿಕ್ಕಿದ್ದಳು. "ಎಲ್ಲಿಂದ ಬಂದ್ರಿ?" ಅಂತ ಕೇಳಿದಳು. ಹೇಳುವಷ್ಟರಲ್ಲಿ ಅವಳ ಬಸ್ ಬಂತು. ಹೆಸರು ಬೆವರ್ಲಿ ಅಂತ ಅವಳ ಚೀಲದ ಮೇಲಿತ್ತು.

ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ಥೋರಾ

*

ಹೆರನ್ ಪಾಯಿಂಟ್
ಮಾರ್ಚ್ 14, 2009

ಥೋರಾ,

ಮೂರು ದಿನ ನಿನ್ನ ಹೆಸರು ಎತ್ತಿ ಎತ್ತಿ ಬೈದೆ. ಗಟ್ಟಿಯಾಗಿ ಬೈದಿರಬೇಕು, ಮೇಯರ್ ಎದ್ದು ಅಡುಗೆಮನೆಗೆ ಹೋದ. ನಿನ್ನ ನಾಯಿ ಅಂತ ಅವನಿಗೂ ಎರಡು ಸಿಕ್ಕಿತು. ನವೆಂಬರಿನಿಂದ ಅವನು ನಿನ್ನ ಗೇಟಿನ ಕಡೆ ತಿರುಗಿಯೂ ನೋಡುತ್ತಿಲ್ಲ. ನೀನು ನೊಂದುಕೊಳ್ಳುತ್ತೀಯ ಅಂತ ಇಷ್ಟು ದಿನ ಹೇಳಿರಲಿಲ್ಲ. ಈಗ ನೊಂದುಕೊಂಡರೆ ನೊಂದುಕೋ.

ಮರ್ನಾ ಮನೆಗೆ ಹೋದೆ. ಜೀವಮಾನದಲ್ಲಿ ಅಷ್ಟು ನಾಚಿಕೆಯಾದದ್ದಿಲ್ಲ. ಅವಳು ಅದೇ ಜಾಮ್ ಶೀಶೆ ತೆರೆದು, ಬ್ರೆಡ್ಡಿಗೆ ಹಚ್ಚಿ, ನನ್ನ ಮುಂದಿಟ್ಟು, ನಾನು ಪೂರ್ತಿ ತಿನ್ನುವವರೆಗೂ ಎದುರಿಗೇ ಕೂತು ನೋಡಿದಳು. ಆಮೇಲೆ ಚೀಟಿಯಲ್ಲಿ "ಆ ಥೋರಾ ಇಪ್ಪತ್ತು ವರ್ಷದಿಂದ ನನ್ ಮೇಲೆ ಕತ್ತಿ ಮಸೀತಿದ್ದಾಳೆ. ಯಾಕೆ ಅಂತ ಈಗ್ಲಾದ್ರೂ ಕೇಳಿ ಹೇಳ್ತೀಯಾ?" ಅಂತ ಬರೆದಳು. ಅದನ್ನು ನೀನೇ ಅವಳಿಗೆ ಹೇಳಿಕೋ.

ಬ್ರೆಂಟ್ ಬಂದು ಮತ್ತೆ ಶುರು ಮಾಡಿ ಅಂದ. ಆಗುವುದಿಲ್ಲ ಅಂದೆ. ಪೆನ್ಸಿಲ್ ಹಿಡಿದರೆ ನಿನ್ನ ಅಕ್ಟೋಬರ್ ಕಾಗದ ಕಣ್ಣ ಮುಂದೆ ಬರುತ್ತದೆ. ಕಿಟಕಿ, ಸೂಪು, ಎಲ್ಲ ಬಾಯಿಪಾಠವಾಗಿದೆ. ಎಪ್ಪತ್ತಮೂರನೇ ವಯಸ್ಸಿನಲ್ಲಿ ಮೊದಲ ಸಲ ಏನೋ ಒಂದು ನನಗೆ ಕೈ ಹತ್ತಿತು ಅಂದುಕೊಂಡಿದ್ದೆ. ನೀನು ಇದನ್ನು ಮೂವತ್ತೊಂದು ವರ್ಷ ಮಾಡಿದವಳು. ನಿನ್ನ ಮಾತು ನನಗೆ ಬೇರೆಯವರ ಮಾತಿನ ಹಾಗಲ್ಲ.

ಆದ್ದರಿಂದ ಒಂದೇ ಒಂದು ಕೇಳುತ್ತೇನೆ. ಕ್ಷಮೆ ಬೇಡ, ಅದನ್ನು ಆಮೇಲೆ ನೋಡೋಣ. ಅಷ್ಟು ವಾರ ಬರೆದದ್ದರಲ್ಲಿ ಒಳ್ಳೆಯದು ಅನ್ನುವಂಥ ಒಂದಾದರೂ ಸುದ್ದಿ ಇತ್ತಾ? ನನಗೆ ಸಮಾಧಾನವಾಗಲಿ ಅಂತ ಸುಳ್ಳು ಹೇಳಬೇಡ, ನಿನ್ನ ಸುಳ್ಳು ನನಗೆ ಗೊತ್ತಾಗುತ್ತದೆ. ಇಲ್ಲ ಅಂದರೆ ಇಲ್ಲ ಅನ್ನು. ಚೀಟಿ ಪುಸ್ತಕವನ್ನು ಒಲೆಗೆ ಹಾಕುತ್ತೇನೆ.

ಸ್ಟೆಫಾ

*

ನನೈಮೊ
ಮಾರ್ಚ್ 25, 2009

ಸ್ಟೆಫಾ,

ಇತ್ತು. ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

"ಈ ವಾರ ಓಸ್ಕರ್ ಲಿಂಡಾಲ್ ಅವರ ಮನೆಗೆ ಯಾರೂ ಬರಲಿಲ್ಲ. ಅವರು ಕಾಫಿ ಮಾಡಿಟ್ಟಿದ್ದರು."

ಅದು ಬಂದದ್ದು ನಾನು ಬ್ರೆಂಟ್‌ಗೆ ಬರೆದೆನಲ್ಲ, ಆ ವಾರ. ಓದಿ ಪತ್ರಿಕೆ ಮಡಿಸಿಟ್ಟೆ. ಮತ್ತೆ ತೆಗೆದು ಓದಿದೆ. ಮೂವತ್ತೊಂದು ವರ್ಷ ಓಸ್ಕರ್‌ನ ಮನೆ ಮುಂದೆಯೇ ಓಡಾಡಿದವಳು ನಾನು. ಯಾರಾದರೂ ಬಂದರೆ ಮಾತ್ರ ಅವನು ನನಗೆ ಸುದ್ದಿ. ಬರಲಿಲ್ಲ ಅನ್ನುವುದೂ ಸುದ್ದಿ ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಮುಂದಿನ ವಾರದ ಪತ್ರಿಕೆಯಲ್ಲಿ ಓಸ್ಕರ್ ಮನೆಗೆ ಹದಿನಾಲ್ಕು ಜನ ಬಂದಿದ್ದರು, ಚರ್ಚಿನಿಂದ ಕುರ್ಚಿ ತರಿಸಬೇಕಾಯಿತು ಅಂತಿತ್ತು. ಅಷ್ಟರಲ್ಲಿ ನನ್ನ ಕಾಗದ ಅಂಚೆಗೆ ಬಿದ್ದಾಗಿತ್ತು.

ನೀನು ಅಂತ ಗೊತ್ತಿಲ್ಲದೆಯೇ ನನಗೆ ಹೊಟ್ಟೆ ಉರಿದಿತ್ತು, ಸ್ಟೆಫಾ. ಅಂಥ ಉರಿ ನಾನು ಕಂಡೇ ಇರಲಿಲ್ಲ. ಆ ಎರಡು ಸಾಲು ಬರೆದವರು ಯಾರೇ ಆಗಿರಲಿ, ಅವರು ಇನ್ನೊಂದು ಸಾಲು ಬರೆಯಬಾರದು ಅನ್ನಿಸಿತು. ಅಂಕಣ ಕೆಟ್ಟದಾಗಿ ಬರುತ್ತಿದ್ದರೆ ನಿನಗೆ ಆಡಿಕೊಂಡು ಬರೆದು ನಕ್ಕು ಸುಮ್ಮನಾಗುತ್ತಿದ್ದೆ. ಬ್ರೆಂಟ್‌ಗೆ ಬರೆಯುತ್ತಲೇ ಇರಲಿಲ್ಲ.

ಚೀಟಿ ಪುಸ್ತಕ ಒಲೆಗೆ ಹಾಕಬೇಡ. ಮುಂದಿನ ವಾರಕ್ಕೆ ಒಂದು ಸುದ್ದಿ ಕಳಿಸುತ್ತಿದ್ದೇನೆ. ಬೇಕಾದರೆ ತಿದ್ದಿ ಹಾಕು.

ಹಿಂದೆ ನಮ್ಮೂರಿನವರಾಗಿದ್ದು, ಈಗ ನನೈಮೊದಲ್ಲಿರುವ ಥೋರಾ ಇಂಗಿಮಾರ್ಸನ್ ಅವರನ್ನು ನೋಡಲು ಕಳೆದ ಜುಲೈನಿಂದ ಇಂದಿನವರೆಗೆ ಯಾರೂ ಬಂದಿಲ್ಲ.

ಥೋರಾ